ಫೆಲೋಶಿಪ್ ಸಹಿತ ಪಿಎಚ್‌ಡಿ ಹುಡುಕುವುದು ಹೇಗೆ: ಉತ್ತರ ಕನ್ನಡದ ವಿಜ್ಞಾನ, ಎಂಜಿನಿಯರಿಂಗ್ ಪದವೀಧರರಿಗೆ ಒಂದು ಸಮಗ್ರ ಮಾರ್ಗದರ್ಶಿ

ಪಿಎಚ್‌ಡಿ ಸೀಟು ಎಲ್ಲಿ ಸಿಗುತ್ತದೆ ಎಂದು ವಿಚಾರಿಸುವ ವಿದ್ಯಾರ್ಥಿಗಳು ಕಾರವಾರದಿಂದ ಶಿರಸಿಯವರೆಗೆ ಎಲ್ಲ ಕಾಲೇಜುಗಳಲ್ಲೂ ಇದ್ದಾರೆ. ಆ ನಾಲ್ಕೈದು ವರ್ಷ ತಮ್ಮ ಊಟ, ವಸತಿ, ಶುಲ್ಕ, ಪ್ರಯೋಗಾಲಯದ ಸಾಮಗ್ರಿ, ಕ್ಷೇತ್ರಕಾರ್ಯದ ಓಡಾಟ ಇವೆಲ್ಲದರ ಖರ್ಚನ್ನು ಯಾರು ಭರಿಸುತ್ತಾರೆ, ಆ ಹಣ ಯಾರ ಹೆಸರಿನಲ್ಲಿ ಮಂಜೂರಾಗಿರುತ್ತದೆ ಎಂದು ಮೊದಲೇ ಕೇಳುವವರು ಮಾತ್ರ ಕಡಿಮೆ. ಹುಡುಕಾಟವನ್ನು ಈ ಎರಡನೆಯ ಪ್ರಶ್ನೆಯಿಂದ ಆರಂಭಿಸಿದರೆ ಯಾವ ಪರೀಕ್ಷೆ ಬರೆಯಬೇಕು, ಯಾರಿಗೆ ಪತ್ರ ಬರೆಯಬೇಕು, ಯಾವ ಜಾಹೀರಾತನ್ನು ಬಿಡಬೇಕು ಎಂಬ ಉಳಿದ ತೀರ್ಮಾನಗಳು ಬಹುಮಟ್ಟಿಗೆ ಸುಲಭವಾಗುತ್ತವೆ. ಕೆಳಗಿನ ಹಂತಗಳನ್ನು ಆ ಕ್ರಮದಲ್ಲಿಯೇ ಬರೆಯಲಾಗಿದೆ.

ಹಂತ 1: ಹಣ ಯಾರ ಹೆಸರಿನಲ್ಲಿದೆ ಎಂದು ತಿಳಿಯುವುದು

ಭಾರತದಲ್ಲಿ ಸಂಶೋಧನಾ ವಿದ್ಯಾರ್ಥಿಗೆ ಹಣ ಬರುವ ದಾರಿಗಳು ಮುಖ್ಯವಾಗಿ ಮೂರು.

ಮೊದಲನೆಯದರಲ್ಲಿ ಫೆಲೋಶಿಪ್, ಅಂದರೆ ಸಂಶೋಧನೆಗೆಂದು ತಿಂಗಳಿಗಿಷ್ಟೆಂದು ಕೊಡುವ ಹಣ, ವಿದ್ಯಾರ್ಥಿಯ ಹೆಸರಿನಲ್ಲಿಯೇ ಮಂಜೂರಾಗುತ್ತದೆ. ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು (ಸಿಎಸ್‌ಐಆರ್), ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಇವುಗಳ ಜಂಟಿ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ನೆಟ್‌ನ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್), ಜೈವಿಕ ತಂತ್ರಜ್ಞಾನ ಇಲಾಖೆಯ ಡಿಬಿಟಿ-ಜೆಆರ್‌ಎಫ್, ವೈದ್ಯಕೀಯ ಸಂಶೋಧನಾ ಪರಿಷತ್ತಾದ ಐಸಿಎಂಆರ್‌ನ ಜೆಆರ್‌ಎಫ್, ಸ್ನಾತಕೋತ್ತರ ಪದವಿಯಲ್ಲಿ ವಿಶ್ವವಿದ್ಯಾಲಯಕ್ಕೆ ಮೊದಲ ಸ್ಥಾನ ಪಡೆದವರಿಗೆ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಕೊಡುವ ಇನ್‌ಸ್ಪೈರ್ ಫೆಲೋಶಿಪ್ ಇವು ಈ ಬಗೆಯವು. ಸಿಎಸ್‌ಐಆರ್ ಜೆಆರ್‌ಎಫ್ ಮೊತ್ತ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷಗಳ ನಂತರ ಮೌಲ್ಯಮಾಪನ ನಡೆದು ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋ) ಆದರೆ 42,000 ರೂಪಾಯಿ. ಹಾಸ್ಟೆಲ್ ಸಿಗದಿದ್ದರೆ ಮನೆಬಾಡಿಗೆ ಭತ್ಯೆ ಇದಕ್ಕೆ ಸೇರುತ್ತದೆ. ಒಟ್ಟು ಅವಧಿ ಐದು ವರ್ಷ. ಈ ಬಗೆಯ ದೊಡ್ಡ ಅನುಕೂಲವೆಂದರೆ ಗೈಡ್ ಆಯ್ಕೆಯಲ್ಲಿ ಸ್ವಾತಂತ್ರ್ಯ ಇರುತ್ತದೆ. ತನ್ನ ಫೆಲೋಶಿಪ್ ತಾನೇ ತರುವ ವಿದ್ಯಾರ್ಥಿಯನ್ನು ಬೇಡವೆನ್ನುವ ಪ್ರಾಧ್ಯಾಪಕರು ವಿರಳ.

ಎರಡನೆಯದರಲ್ಲಿ ಹಣ ಸಂಸ್ಥೆಯದು. ಐಐಎಸ್‌ಸಿ, ಐಐಟಿ, ಎನ್‌ಐಟಿ, ಐಸರ್‌ಗಳಲ್ಲಿ ಪ್ರವೇಶ ದೊರೆತ ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಕೇಂದ್ರ ಶಿಕ್ಷಣ ಸಚಿವಾಲಯದ ಅನುದಾನದಿಂದ ಇದೇ ದರದ ಫೆಲೋಶಿಪ್ ಬರುತ್ತದೆ. 2018ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್ ಕೂಡ ಆಯ್ದ ಸಂಸ್ಥೆಗಳ ಮೂಲಕವೇ ಸಿಗುವಂಥದ್ದು. ಅದರಲ್ಲಿ ಮೊದಲ ಎರಡು ವರ್ಷ ತಿಂಗಳಿಗೆ 70,000, ಮೂರನೆಯ ವರ್ಷ 75,000, ಕೊನೆಯ ಎರಡು ವರ್ಷ 80,000 ರೂಪಾಯಿ ನಿಗದಿಯಾಗಿತ್ತು. ಎಂಜಿನಿಯರಿಂಗ್ ಪದವೀಧರರಿಗೆ ಇದಲ್ಲದೆ ತಾಂತ್ರಿಕ ಶಿಕ್ಷಣ ಪರಿಷತ್ತಿನ (ಎಐಸಿಟಿಇ) ಡಾಕ್ಟೋರಲ್ ಫೆಲೋಶಿಪ್ ಇದೆ, ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನದವರಿಗೆ ವಿಶ್ವೇಶ್ವರಯ್ಯ ಪಿಎಚ್‌ಡಿ ಯೋಜನೆಯೂ ಇದೆ.

ಮೂರನೆಯದು ಯೋಜನೆಯ ಹಣ. ಪ್ರಾಧ್ಯಾಪಕರೊಬ್ಬರಿಗೆ ಕೇಂದ್ರದ ಯಾವುದೋ ಇಲಾಖೆ ಮೂರು ವರ್ಷದ ಪ್ರಾಜೆಕ್ಟ್ ಮಂಜೂರು ಮಾಡಿರುತ್ತದೆ. ಅದರ ಬಜೆಟ್ಟಿನಲ್ಲಿ ಒಬ್ಬ ಜೆಆರ್‌ಎಫ್ ಅಥವಾ ಪ್ರಾಜೆಕ್ಟ್ ಅಸೋಸಿಯೇಟ್ ಹುದ್ದೆ ಇರುತ್ತದೆ. ನಮ್ಮ ಕಡೆಯ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಮೊದಲು ಕಾಣುವ ಜಾಹೀರಾತು ಈ ಬಗೆಯದೇ, ಮತ್ತು ಹೆಚ್ಚಿನ ಗೊಂದಲವೂ ಇಲ್ಲಿಯೇ. ಪ್ರಾಜೆಕ್ಟ್ ಜೆಆರ್‌ಎಫ್ ಎಂಬುದು ಒಂದು ತಾತ್ಕಾಲಿಕ ನೌಕರಿ. ಅದಕ್ಕೆ ಆಯ್ಕೆಯಾದ ಮಾತ್ರಕ್ಕೆ ಪಿಎಚ್‌ಡಿ ನೋಂದಣಿ ಆಗುವುದಿಲ್ಲ. ನೋಂದಣಿಗೆ ವಿಶ್ವವಿದ್ಯಾಲಯದ ಪ್ರವೇಶ ಪ್ರಕ್ರಿಯೆಯನ್ನು ಪ್ರತ್ಯೇಕವಾಗಿ ದಾಟಬೇಕು. ಯುಜಿಸಿಯ 2022ರ ನಿಯಮಾವಳಿಯಂತೆ ಪಿಎಚ್‌ಡಿಯ ಕನಿಷ್ಠ ಅವಧಿ ಮೂರು ವರ್ಷ, ಗರಿಷ್ಠ ಆರು ವರ್ಷ. ಪ್ರಾಜೆಕ್ಟಿನ ಆಯುಸ್ಸು ಸಾಮಾನ್ಯವಾಗಿ ಮೂರೇ ವರ್ಷ. ಸೇರಿ ಒಂದು ವರ್ಷ ಕಳೆದ ಮೇಲೆ ನೋಂದಣಿಯಾದರೆ, ಪ್ರಬಂಧ ಬರೆಯುವ ಹೊತ್ತಿಗೆ ಹಣ ನಿಂತಿರುತ್ತದೆ. ಇದರರ್ಥ ಪ್ರಾಜೆಕ್ಟ್ ಹುದ್ದೆಯನ್ನು ಬಿಡಬೇಕೆಂದಲ್ಲ. ಪ್ರಯೋಗಾಲಯದ ಅನುಭವಕ್ಕೆ, ಒಂದೆರಡು ಪ್ರಬಂಧಗಳಿಗೆ, ನೆಟ್ ಅಥವಾ ಗೇಟ್ (ಎಂಜಿನಿಯರಿಂಗ್, ವಿಜ್ಞಾನ ಪದವೀಧರರ ಅರ್ಹತಾ ಪರೀಕ್ಷೆ) ಮತ್ತೊಮ್ಮೆ ಬರೆಯುವವರೆಗಿನ ಜೀವನೋಪಾಯಕ್ಕೆ ಅದು ಒಳ್ಳೆಯ ಮೆಟ್ಟಿಲು. ಮೆಟ್ಟಿಲೆಂದು ತಿಳಿದೇ ಹತ್ತಬೇಕು.

ಈ ಮೂರರ ಹೊರಗೆ ಉಳಿಯುವುದು ಹಣವಿಲ್ಲದ ನೋಂದಣಿ. ಸಂಯೋಜಿತ ಕಾಲೇಜುಗಳ ಸಂಶೋಧನಾ ಕೇಂದ್ರಗಳಲ್ಲಿ ಹೆಸರು ನೋಂದಾಯಿಸುವ ಅನೇಕರಿಗೆ ಯಾವ ಫೆಲೋಶಿಪ್ಪೂ ಇರುವುದಿಲ್ಲ. ಅಧ್ಯಾಪಕ ವೃತ್ತಿಯಲ್ಲಿರುವವರಿಗೆ ಅದು ಹೊಂದೀತು. ಎಂ.ಎಸ್ಸಿ. ಮುಗಿಸಿ ಮನೆಯಲ್ಲಿರುವ ಯುವಕ, ಯುವತಿಯರಿಗೆ ಅದನ್ನು ನಾನು ಸೂಚಿಸುವುದಿಲ್ಲ.

ಹಂತ 2: ಅರ್ಹತಾ ಪರೀಕ್ಷೆಗಳನ್ನು ಮುಂಚಿತವಾಗಿಯೇ ಬರೆಯುವುದು

ಪದವಿಯ ಅಂತಿಮ ವರ್ಷದಲ್ಲಿರುವಾಗಲೇ ಬರೆಯಬಹುದಾದ ಪರೀಕ್ಷೆಗಳನ್ನು ಪದವಿ ಕೈಗೆ ಬಂದ ಮೇಲೆ ಬರೆಯುತ್ತೇನೆಂದು ಮುಂದೂಡುವುದರಿಂದ ಒಂದು ಇಡೀ ವರ್ಷ ಕಳೆದುಹೋಗುತ್ತದೆ. ಗೇಟ್ ಪರೀಕ್ಷೆ ಫೆಬ್ರುವರಿಯಲ್ಲಿ ನಡೆಯುತ್ತದೆ. ಅರ್ಜಿ ಹಾಕುವ ಕಾಲ ಅದರ ಹಿಂದಿನ ಆಗಸ್ಟ್, ಸೆಪ್ಟೆಂಬರ್. ಅಂಕದ ಮಾನ್ಯತೆ ಮೂರು ವರ್ಷ. ಸಿಎಸ್‌ಐಆರ್ ನೆಟ್ ವರ್ಷಕ್ಕೆರಡು ಸಲ, ಜೀವ ವಿಜ್ಞಾನ, ರಸಾಯನ ವಿಜ್ಞಾನ, ಭೌತ ವಿಜ್ಞಾನ, ಗಣಿತ ವಿಜ್ಞಾನ ಮತ್ತು ಭೂವಿಜ್ಞಾನ-ವಾಯುಮಂಡಲ-ಸಾಗರ ವಿಜ್ಞಾನ ಎಂಬ ಐದು ಪತ್ರಿಕೆಗಳಲ್ಲಿ ನಡೆಯುತ್ತದೆ. ಜೆಆರ್‌ಎಫ್‌ಗೆ ವಯೋಮಿತಿ 30 ವರ್ಷ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮತ್ತು ಮಹಿಳೆಯರಿಗೆ ಐದು ವರ್ಷದ ರಿಯಾಯಿತಿ ಇದೆ. 2024ರಿಂದ ನೆಟ್ ಫಲಿತಾಂಶದಲ್ಲಿ ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ ಅರ್ಹರಾದವರ ಪ್ರತ್ಯೇಕ ವರ್ಗವೂ ಸೇರಿದೆ. ಈ ವರ್ಗದಲ್ಲಿ ಹೆಸರು ಬಂದರೆ ಪ್ರವೇಶಕ್ಕೆ ದಾರಿಯಾಗುತ್ತದೆಯೇ ಹೊರತು ಹಣ ಬರುವುದಿಲ್ಲ ಎಂಬುದನ್ನು ಗಮನಿಸಬೇಕು.

ಭೌತಶಾಸ್ತ್ರದವರಿಗೆ ಜೆಸ್ಟ್ ಪ್ರವೇಶ ಪರೀಕ್ಷೆ, ಗಣಿತ ಮತ್ತು ಭೌತಶಾಸ್ತ್ರದವರಿಗೆ ಡಿಸೆಂಬರಿನ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ಪರೀಕ್ಷೆ, ಜೀವ ವಿಜ್ಞಾನದವರಿಗೆ ಟಿಐಎಫ್‌ಆರ್ ಮತ್ತು ಬೆಂಗಳೂರಿನ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್ ಸೇರಿದಂತೆ ಹಲವು ಸಂಸ್ಥೆಗಳು ಒಪ್ಪುವ ಜೆಗೀಬಿಲ್ಸ್ ಪರೀಕ್ಷೆ ಇವೆ. ಇವುಗಳ ಹೆಸರನ್ನು ಪದವಿ ಮುಗಿದ ಮೇಲಷ್ಟೇ ಕೇಳುವ ವಿದ್ಯಾರ್ಥಿಗಳು ಜಿಲ್ಲೆಯಲ್ಲಿ ಇನ್ನೂ ಇದ್ದಾರೆ.

ಅರ್ಜಿಯ ಕೊನೆಯ ದಿನಾಂಕಗಳಲ್ಲಿ ಹಲವು ಮಳೆಗಾಲದಲ್ಲಿ ಬೀಳುತ್ತವೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುವ ಆ ತಿಂಗಳುಗಳಲ್ಲಿ, ಕೊನೆಯ ದಿನದ ರಾತ್ರಿ ಶುಲ್ಕ ತುಂಬುತ್ತೇನೆಂದು ಕೂರುವುದು ವಿವೇಕವಲ್ಲ. ವಾರ ಮೊದಲೇ ಪೇಟೆಗೆ ಬಂದು ಮುಗಿಸಿಬಿಡುವುದು ಲೇಸು.

ಹಂತ 3: ವಿಷಯವನ್ನು ಕಿರಿದುಗೊಳಿಸುವುದು

"ಪರಿಸರ ವಿಜ್ಞಾನದಲ್ಲಿ ಆಸಕ್ತಿ ಇದೆ" ಎಂಬ ಮಾತಿನಿಂದ ಯಾವ ಗೈಡ್‌ಗೂ ಏನೂ ತಿಳಿಯುವುದಿಲ್ಲ. ವಿಷಯ, ವಿಧಾನ, ಸ್ಥಳ ಈ ಮೂರನ್ನು ಒಂದೇ ವಾಕ್ಯದಲ್ಲಿ ಹೇಳಲು ಬರುವಷ್ಟು ಆಸಕ್ತಿಯನ್ನು ಕಿರಿದು ಮಾಡಿಕೊಂಡರೆ ಹುಡುಕಾಟಕ್ಕೆ ದಿಕ್ಕು ಸಿಗುತ್ತದೆ. ಈ ಜಿಲ್ಲೆಯವರಿಗೆ ಇಲ್ಲಿ ಒಂದು ಸಹಜ ಅನುಕೂಲವಿದೆ. ಕುಮಟಾದ ಅಘನಾಶಿನಿ ಅಳಿವೆ 2024ರ ಆರಂಭದಲ್ಲಿ ರಾಮ್ಸಾರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ, ಪಟ್ಟಿಗೆ ಸೇರಿದೆ; ಅಲ್ಲಿನ ಚಿಪ್ಪಿಕಲ್ಲು, ಕಾಂಡ್ಲಾ ಕಾಡು, ಉಪ್ಪುನೀರಿನ ಗಜನಿ ಗದ್ದೆಗಳನ್ನು ಚಿಕ್ಕಂದಿನಿಂದ ನೋಡಿದವರಿಗೆ ಯಾವ ಉಬ್ಬರಕ್ಕೆ ಎಲ್ಲಿ ಮಾದರಿ ಸಂಗ್ರಹಿಸಬಹುದೆಂದು ಯಾರೂ ಕಲಿಸಬೇಕಾಗಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದ ಘಟನೆ ಸಿವಿಲ್ ಎಂಜಿನಿಯರಿಂಗ್‌ನ ಭೂತಾಂತ್ರಿಕ ಶಾಖೆಗೂ ದೂರಸಂವೇದಿ ಅಧ್ಯಯನಕ್ಕೂ ಸೇರಿದ ಪ್ರಶ್ನೆಗಳನ್ನು ಎತ್ತಿದೆ. ಅಡಿಕೆಯ ಎಲೆಚುಕ್ಕಿ ರೋಗ ಸಸ್ಯರೋಗಶಾಸ್ತ್ರದ ವಿಷಯ. ಸಿದ್ದಾಪುರದಲ್ಲಿ ಬೇಸಿಗೆ ಬಂತೆಂದರೆ ಆತಂಕ ಹುಟ್ಟಿಸುವ ಮಂಗನ ಕಾಯಿಲೆ ವೈರಾಣುಶಾಸ್ತ್ರಕ್ಕೂ ಉಣ್ಣೆಗಳ ಪರಿಸರ ಅಧ್ಯಯನಕ್ಕೂ ಸೇರಿದ್ದು.

ಆದರೆ ಊರಿನ ಸಮಸ್ಯೆ ಎಂಬ ಕಾರಣಕ್ಕೆ ಮಾತ್ರ ವಿಷಯ ಆರಿಸಿಕೊಳ್ಳಬಾರದು. ಅದೇ ಪ್ರಶ್ನೆಗೆ ಹಣ ಕೊಡುವ ಇಲಾಖೆ ಯಾವುದು ಎಂದು ಜೊತೆಯಲ್ಲಿಯೇ ನೋಡಬೇಕು. ಮಂಗನ ಕಾಯಿಲೆಗೆ ಐಸಿಎಂಆರ್, ಅಡಿಕೆಗೆ ಕೃಷಿ ಸಂಶೋಧನಾ ಪರಿಷತ್ತಿನ (ಐಸಿಎಆರ್) ವ್ಯವಸ್ಥೆ, ಸಾಗರಕ್ಕೆ ಭೂವಿಜ್ಞಾನ ಸಚಿವಾಲಯ, ಕೈಗಾದಂಥ ಸ್ಥಾವರದ ಸುತ್ತಲಿನ ವಿಕಿರಣ ಪರಿಸರದ ಅಧ್ಯಯನಕ್ಕೆ ಪರಮಾಣು ಶಕ್ತಿ ಇಲಾಖೆಯ ಬಿಆರ್‌ಎನ್‌ಎಸ್ ಎಂಬ ಸಂಶೋಧನಾ ಮಂಡಳಿ ಹೀಗೆ ಪ್ರತಿಯೊಂದು ಪ್ರಶ್ನೆಗೂ ಒಂದು ಬಾಗಿಲಿದೆ.

ಹಂತ 4: ಹಣದ ಜಾಡು ಹಿಡಿದು ಯೋಜನೆ ಹುಡುಕುವುದು

ಜಾಹೀರಾತು ಬರುವವರೆಗೆ ಕಾಯುವವರಿಗಿಂತ, ಜಾಹೀರಾತು ಬರುವ ಮೊದಲೇ ಯಾರಿಗೆ ಅನುದಾನ ಸಿಕ್ಕಿದೆ ಎಂದು ತಿಳಿದುಕೊಂಡವರಿಗೆ ಅವಕಾಶ ಹೆಚ್ಚು. ಇದನ್ನು ತಿಳಿಯಲು ಯಾರ ಶಿಫಾರಸೂ ಬೇಕಾಗಿಲ್ಲ. ಎಲ್ಲವೂ ಮುದ್ರಿತ ಪ್ರಬಂಧಗಳಲ್ಲಿಯೇ ಇರುತ್ತದೆ.

ನಿಮ್ಮ ವಿಷಯದಲ್ಲಿ ಇತ್ತೀಚಿನ ಎರಡು ವರ್ಷಗಳಲ್ಲಿ ಭಾರತದಿಂದ ಪ್ರಕಟವಾದ ಹತ್ತಿಪ್ಪತ್ತು ಪ್ರಬಂಧಗಳನ್ನು ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿ ತೆರೆಯಿರಿ. ಸಾರಾಂಶ ಓದಿದ ಮೇಲೆ ನೇರವಾಗಿ ಕೊನೆಯ ಪುಟಕ್ಕೆ ಹೋಗಿ. ಆಕರಗಳ ಪಟ್ಟಿಗೆ ಸ್ವಲ್ಪ ಮೇಲೆ ಕೃತಜ್ಞತೆಯ ನಾಲ್ಕು ಸಾಲು ಇರುತ್ತದೆ. ಅಲ್ಲಿ ಹಣ ಕೊಟ್ಟ ಸಂಸ್ಥೆಯ ಹೆಸರೂ ಮಂಜೂರಾತಿಯ ಸಂಖ್ಯೆಯೂ ಕಾಣುತ್ತವೆ. ಉದಾಹರಣೆಗೆ, ಹಿಂದೆ ಕೇಂದ್ರದ ಸಂಶೋಧನಾ ಅನುದಾನ ಕೊಡುತ್ತಿದ್ದ ಎಸ್‌ಇಆರ್‌ಬಿ ಮಂಡಳಿಯ ಕೋರ್ ರಿಸರ್ಚ್ ಗ್ರ್ಯಾಂಟ್ ಪಡೆದ ಪ್ರಾಜೆಕ್ಟ್‌ಗಳ ಸಂಖ್ಯೆ "ಸಿಆರ್‌ಜಿ" ಎಂದು ಆರಂಭವಾಗಿ, ಅದರ ಪಕ್ಕದಲ್ಲಿ ಒಂದು ಇಸವಿ ಇರುತ್ತದೆ. ಅದು 2019 ಆಗಿದ್ದರೆ ಮೂರು ವರ್ಷದ ಆ ಹಣ ಎಂದೋ ಮುಗಿದಿರುತ್ತದೆ. 2023 ಎಂದಿದ್ದರೆ ಆ ಪ್ರಯೋಗಾಲಯದಲ್ಲಿ ಇನ್ನೂ ಕೆಲಸ ನಡೆದಿರುವ ಸಂಭವವಿದೆ, ಮುಂದಿನ ಅನುದಾನಕ್ಕೆ ಅರ್ಜಿಯೂ ಹೋಗಿರಬಹುದು. ಎಸ್‌ಇಆರ್‌ಬಿಯ ಕೆಲಸವನ್ನು ಈಗ 2023ರ ಕಾಯ್ದೆಯಂತೆ ರಚನೆಯಾದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ, ಅಂದರೆ ಎಎನ್‌ಆರ್‌ಎಫ್ ವಹಿಸಿಕೊಂಡಿದೆ. ಹೀಗೆ ಓದುತ್ತ ಒಂದು ಹಾಳೆಯಲ್ಲಿ ಗೈಡ್, ಸಂಸ್ಥೆ, ಹಣದ ಮೂಲ, ಮುಗಿಯುವ ವರ್ಷ ಎಂದು ನಾಲ್ಕು ಕಲಮುಗಳನ್ನು ಮಾಡಿ ತುಂಬುತ್ತ ಹೋಗಿ.

ಎರಡನೆಯ ಆಕರ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಅಲ್ಲಿ ಉಚಿತವಾಗಿ ಓದಲು ಸಿಗುತ್ತವೆ. ಒಬ್ಬ ಗೈಡ್ ಕೈಕೆಳಗೆ ಮುಗಿದ ನಾಲ್ಕೈದು ಪ್ರಬಂಧಗಳನ್ನು ತೆರೆದು ನೋಂದಣಿಯ ವರ್ಷವನ್ನೂ ಸಲ್ಲಿಸಿದ ವರ್ಷವನ್ನೂ ಹೋಲಿಸಿದರೆ, ಅಲ್ಲಿ ಪದವಿ ಮುಗಿಯಲು ವಾಸ್ತವವಾಗಿ ಎಷ್ಟು ಕಾಲ ಹಿಡಿಯುತ್ತದೆ ಎಂಬುದು ಯಾರನ್ನೂ ಕೇಳದೆ ತಿಳಿಯುತ್ತದೆ. ಕೃತಜ್ಞತೆಯ ಪುಟವನ್ನೂ ಓದಿ. ವಿದ್ಯಾರ್ಥಿಗೆ ಫೆಲೋಶಿಪ್ ಕೊಟ್ಟವರು ಯಾರೆಂದು ಅಲ್ಲಿ ಬರೆದಿರುತ್ತದೆ.

ಇನ್ನು ಸಮೀಪದ ಸ್ಥಳಗಳ ವಿಚಾರ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವಿದೆ, ಊರಿನಲ್ಲಿಯೇ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ಕೇಂದ್ರವಿದೆ. ಶಿರಸಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅರಣ್ಯ ಮಹಾವಿದ್ಯಾಲಯವಿದೆ. ಕೊಂಕಣ ರೈಲು ಹಿಡಿದರೆ ಉತ್ತರಕ್ಕೆ ಗೋವಾ: ದೋನಾ ಪೌಲಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ, ವಾಸ್ಕೋದ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ, ಜೊತೆಗೆ ಐಐಟಿ, ಎನ್‌ಐಟಿ, ಬಿಟ್ಸ್ ಪಿಲಾನಿಯ ಗೋವಾ ಆವರಣ. ದಕ್ಷಿಣಕ್ಕೆ ಸುರತ್ಕಲ್‌ನ ಎನ್‌ಐಟಿಕೆ, ಮಂಗಳೂರಿನ ಮೀನುಗಾರಿಕಾ ಕಾಲೇಜು. ಘಟ್ಟ ಹತ್ತಿದರೆ ಧಾರವಾಡದ ಐಐಟಿ. ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಸಿಎಸ್‌ಐಆರ್ ಪ್ರಯೋಗಾಲಯವಾದ್ದರಿಂದ ಅಲ್ಲಿಯ ಪಿಎಚ್‌ಡಿ ನೋಂದಣಿ ಅಕ್‌ಸಿರ್ ಎಂಬ ಅಕಾಡೆಮಿಯ ಮೂಲಕ ಆಗಬಹುದು. ಅದರ ಪ್ರವೇಶ ವರ್ಷಕ್ಕೆರಡು ಸಲ. ಬೆಂಗಳೂರಿನ ಐಐಎಸ್‌ಸಿಯ ಪರಿಸರ ವಿಜ್ಞಾನ ಕೇಂದ್ರದ ಸಂಶೋಧಕರು ದಶಕಗಳಿಂದ ಉತ್ತರ ಕನ್ನಡದ ಕಾಡುಗಳಲ್ಲಿ ಕ್ಷೇತ್ರಾಧ್ಯಯನ ಮಾಡಿದ್ದಾರೆ, ಆದ್ದರಿಂದ ಇಲ್ಲಿಯ ಕಾಡು, ಅಳಿವೆಗಳ ಬಗ್ಗೆ ಹಳೆಯ ದತ್ತಾಂಶ ಅಲ್ಲಿನ ಪ್ರಕಟಣೆಗಳಲ್ಲಿ ಸಾಕಷ್ಟು ಸಿಗುತ್ತದೆ. ಐಐಟಿ, ಎನ್‌ಐಟಿಗಳಲ್ಲಿ ಬೇಸಿಗೆಯ ಪ್ರವೇಶದಲ್ಲಿ ಸಿಗದವರಿಗೆ ವರ್ಷಾಂತ್ಯದಲ್ಲಿ ಇನ್ನೊಂದು ಸುತ್ತು ಸಾಮಾನ್ಯವಾಗಿ ಇರುತ್ತದೆ.

ರಾಜ್ಯದ ಮಟ್ಟದಲ್ಲಿ ಕರ್ನಾಟಕ ವಿಜ್ಞಾನ ಮತ್ತು ತಂತ್ರಜ್ಞಾನ ಉತ್ತೇಜನ ಸೊಸೈಟಿ, ಅಂದರೆ ಕೆಸ್ಟೆಪ್ಸ್, ವಿಜ್ಞಾನ ಮತ್ತು ಎಂಜಿನಿಯರಿಂಗ್‌ನಲ್ಲಿ ಈಗಾಗಲೇ ನೋಂದಣಿಯಾದವರಿಗೆ ಪಿಎಚ್‌ಡಿ ಫೆಲೋಶಿಪ್ ಕೊಡುತ್ತದೆ. ಸಾಮಾಜಿಕ ವರ್ಗಗಳಿಗೆ ಕೇಂದ್ರದ ರಾಷ್ಟ್ರೀಯ ಫೆಲೋಶಿಪ್‌ಗಳಿವೆ, ರಾಜ್ಯದ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ನೆರವೂ ಇದೆ. ಹಣವಿಲ್ಲದೆ ನೋಂದಣಿ ಮಾಡಿಸಿಕೊಂಡವರಿಗೆ ನಂತರ ಉಳಿಯುವ ದಾರಿಗಳಲ್ಲಿ ಇವು ಮುಖ್ಯವಾದವು.

ಹಂತ 5: ಜಾಹೀರಾತನ್ನು ಸಾಲು ಸಾಲಾಗಿ ಓದುವುದು

ಪ್ರಾಜೆಕ್ಟ್ ಜೆಆರ್‌ಎಫ್ ಜಾಹೀರಾತು ಹೆಚ್ಚೆಂದರೆ ಒಂದೂವರೆ ಪುಟ ಇರುತ್ತದೆ, ಅದರ ಪ್ರತಿ ಸಾಲಿಗೂ ಅರ್ಥವಿದೆ. "ಸಂಪೂರ್ಣ ತಾತ್ಕಾಲಿಕ, ಪ್ರಾಜೆಕ್ಟ್ ಮುಗಿದೊಡನೆ ಹುದ್ದೆಯೂ ಮುಗಿಯುತ್ತದೆ" ಎಂಬ ಸಾಲು ಎಲ್ಲದರಲ್ಲಿಯೂ ಇರುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ಪ್ರಾಜೆಕ್ಟ್ ಯಾವಾಗ ಮುಗಿಯುತ್ತದೆ ಎಂಬ ದಿನಾಂಕ ಮುಖ್ಯ. ಮೊದಲಿದ್ದವರು ಬಿಟ್ಟುಹೋದದ್ದರಿಂದ ಖಾಲಿಯಾದ ಹುದ್ದೆಯಾಗಿದ್ದರೆ ಉಳಿದಿರುವುದು ಎಂಟು ತಿಂಗಳೇ ಇರಬಹುದು. "ಅರ್ಹರಾದಲ್ಲಿ ಪಿಎಚ್‌ಡಿಗೆ ನೋಂದಾಯಿಸಿಕೊಳ್ಳಬಹುದು" ಎಂದಿದ್ದರೆ ಒಳ್ಳೆಯದು. ಏನೂ ಹೇಳಿರದಿದ್ದರೆ ಸಂದರ್ಶನಕ್ಕೆ ಹೋಗುವ ಮುನ್ನವೇ ಮಿಂಚಂಚೆಯಲ್ಲಿ ಕೇಳಿ ತಿಳಿಯಬೇಕು. ಮೊತ್ತದ ಸಾಲಿನಲ್ಲಿ ನೆಟ್ ಅಥವಾ ಗೇಟ್ ಇದ್ದವರಿಗೆ ಒಂದು ದರ, ಇಲ್ಲದವರಿಗೆ ಅದಕ್ಕಿಂತ ಕಡಿಮೆ ದರ ಇರುವುದು ಸಾಮಾನ್ಯ. ಪ್ರಯಾಣ ಭತ್ಯೆ ಕೊಡುವುದಿಲ್ಲ ಎಂದು ಕೊನೆಯಲ್ಲಿ ಬರೆದಿರುತ್ತದೆ; ಬೆಂಗಳೂರಿಗೆ ರಾತ್ರಿ ಬಸ್ಸು ಹಿಡಿದು ಹೋಗಿ ಬರುವ ಖರ್ಚು ನಿಮ್ಮದೇ ಆಗುವುದರಿಂದ, ಆನ್‌ಲೈನ್ ಸಂದರ್ಶನಕ್ಕೆ ಅವಕಾಶವಿದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಅರ್ಜಿ ಶುಲ್ಕಕ್ಕಿಂತ ಹೆಚ್ಚಿನ ಹಣ ಕೇಳುವ, ಪ್ರವೇಶ ಅಥವಾ ಪ್ರಕಟಣೆ ಖಾತ್ರಿ ಎನ್ನುವ ಮಧ್ಯವರ್ತಿಗಳಿಂದ ದೂರವಿರಿ. ಫೆಲೋಶಿಪ್ ಕೊಡುವ ಸಂಸ್ಥೆ ವಿದ್ಯಾರ್ಥಿಯಿಂದ ಠೇವಣಿ ಕೇಳುವುದಿಲ್ಲ.

ಹಂತ 6: ಗೈಡ್‌ಗೆ ಪತ್ರ ಬರೆಯುವುದು

ಎಲ್ಲರಿಗೂ ಒಂದೇ ಪತ್ರ ಕಳಿಸುವುದು ನಿಷ್ಪ್ರಯೋಜಕ. ಪ್ರಾಧ್ಯಾಪಕರಿಗೆ ದಿನವೂ ಅಂಥ ಪತ್ರಗಳು ಬರುತ್ತಿರುತ್ತವೆ, "ಗೌರವಾನ್ವಿತ ಸರ್/ಮೇಡಂ" ಎಂದು ಎರಡನ್ನೂ ಬರೆದ ಪತ್ರವನ್ನು ಅವರು ತೆರೆಯುವುದೂ ಅನುಮಾನ. ಹೆಸರು ಹಿಡಿದು, ಡಾಕ್ಟರ್ ಅಥವಾ ಪ್ರೊಫೆಸರ್ ಎಂದು ಸಂಬೋಧಿಸಿ, ಇನ್ನೂರು ಪದಗಳೊಳಗೆ ಮುಗಿಸಬೇಕು. ಪತ್ರ ಇಂಗ್ಲಿಷಿನಲ್ಲಿ ಇರಬೇಕಾಗುತ್ತದೆ. ಅದರ ಹುರುಳು ಹೀಗಿರಬಹುದು:

"ನಾನು ಕಾರವಾರದಲ್ಲಿ ಕಡಲಜೀವಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದೇನೆ, ಸಿಎಸ್‌ಐಆರ್ ಜೆಆರ್‌ಎಫ್ ದೊರೆತಿದೆ. ಅಳಿವೆಗಳ ಕೆಸರಿನಲ್ಲಿ ಭಾರಲೋಹಗಳ ಕುರಿತ ತಮ್ಮ ಕಳೆದ ವರ್ಷದ ಪ್ರಬಂಧದಲ್ಲಿ ಮಳೆಗಾಲದ ಮಾದರಿಗಳು ಇಲ್ಲದಿರುವುದನ್ನು ಗಮನಿಸಿದೆ. ನನ್ನ ಸ್ನಾತಕೋತ್ತರ ಪ್ರಾಜೆಕ್ಟಿನಲ್ಲಿ ಕಾಳಿ ಅಳಿವೆಯಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಾದರಿಗಳನ್ನು ಸಂಗ್ರಹಿಸಿ ವಿಶ್ಲೇಷಿಸಿದ್ದೇನೆ. ಮುಂದಿನ ಪ್ರವೇಶದಲ್ಲಿ ತಾವು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಿರಾ ಎಂದು ತಿಳಿಸಬೇಕಾಗಿ ಕೋರುತ್ತೇನೆ."

ಯಾವ ಫೆಲೋಶಿಪ್ ಇದೆ ಎಂಬುದು ಮೊದಲ ವಾಕ್ಯದಲ್ಲಿಯೇ ಬಂದಿದೆ, ಅವರ ಪ್ರಬಂಧ ಓದಿರುವುದಕ್ಕೆ ಪುರಾವೆ ಇದೆ, ತಾನು ಮಾಡಿದ ಕೆಲಸದ ಒಂದು ನಿರ್ದಿಷ್ಟ ಸಂಗತಿ ಇದೆ, ಕೊನೆಯ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಒಂದೇ ಸಾಲಿನಲ್ಲಿ ಉತ್ತರಿಸಬಹುದು. ಎರಡು ಪುಟದ ಬಯೋಡೇಟಾ ಮಾತ್ರ ಲಗತ್ತಿಸಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಿಂದ ಹಿಡಿದು ಎಲ್ಲವನ್ನೂ ಕಳಿಸುವ ಅಗತ್ಯವಿಲ್ಲ. ಉತ್ತರ ಬಾರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ, ಆಮೇಲೆ ಪಟ್ಟಿಯ ಮುಂದಿನ ಹೆಸರಿಗೆ ಹೋಗಿ. ಆ ಗೈಡ್‌ನ ಈಗಿನ ವಿದ್ಯಾರ್ಥಿಯೊಬ್ಬರ ಜೊತೆ ಫೋನಿನಲ್ಲಿ ಮಾತಾಡಿ ಫೆಲೋಶಿಪ್ ಎಷ್ಟು ತಿಂಗಳಿಗೊಮ್ಮೆ ಖಾತೆಗೆ ಬೀಳುತ್ತದೆ ಎಂದು ಕೇಳುವುದನ್ನು ಮರೆಯಬಾರದು. ಸರ್ಕಾರಿ ಫೆಲೋಶಿಪ್‌ಗಳು ತಡವಾಗುವುದು ಹೊಸತಲ್ಲ. ಮೊದಲ ಕೆಲವು ತಿಂಗಳ ಖರ್ಚಿಗೆ ಮನೆಯಿಂದಲೋ ಉಳಿತಾಯದಿಂದಲೋ ವ್ಯವಸ್ಥೆ ಮಾಡಿಕೊಂಡೇ ಹೊರಡಬೇಕು.

ಹಂತ 7: ವಿದೇಶದ ದಾರಿ

ವಿದೇಶದಲ್ಲಿ ಎರಡು ಪದ್ಧತಿಗಳಿವೆ. ಅಮೆರಿಕದಲ್ಲಿ ವಿಭಾಗಕ್ಕೆ ಅರ್ಜಿ ಹಾಕಬೇಕು. ಕೊನೆಯ ದಿನಾಂಕಗಳು ಹೆಚ್ಚಾಗಿ ಡಿಸೆಂಬರಿನಲ್ಲಿ ಇರುತ್ತವೆ, ಪ್ರವೇಶ ಸಿಕ್ಕವರಿಗೆ ಬೋಧನಾ ಅಥವಾ ಸಂಶೋಧನಾ ಸಹಾಯಕರಾಗಿ ಹಣ ಬರುತ್ತದೆ. 2025ರಲ್ಲಿ ಅಲ್ಲಿಯ ಫೆಡರಲ್ ಅನುದಾನ ಕಡಿತದ ಕಾರಣ ಕೆಲವು ವಿಶ್ವವಿದ್ಯಾಲಯಗಳು ಪಿಎಚ್‌ಡಿ ಪ್ರವೇಶವನ್ನು ಕಡಿಮೆ ಮಾಡಿದವು. ಅಮೆರಿಕ ಒಂದನ್ನೇ ನಂಬಿ ಕೂರುವುದನ್ನು ನಾನು ಒಪ್ಪುವುದಿಲ್ಲ. ಜರ್ಮನಿ, ನೆದರ್ಲೆಂಡ್ಸ್, ಸ್ವೀಡನ್, ನಾರ್ವೆ, ಡೆನ್ಮಾರ್ಕ್‌ಗಳಲ್ಲಿ ಪಿಎಚ್‌ಡಿ ಎಂಬುದು ಬಹುಮಟ್ಟಿಗೆ ಸಂಬಳದ ಹುದ್ದೆ. ನಿರ್ದಿಷ್ಟ ಯೋಜನೆಗೆ ಜಾಹೀರಾತು ಬರುತ್ತದೆ, ನೌಕರಿಗೆ ಅರ್ಜಿ ಹಾಕುವಂತೆಯೇ ಅರ್ಜಿ ಹಾಕಬೇಕು. ಯೂರಾಕ್ಸೆಸ್ ಜಾಲತಾಣದಲ್ಲಿ ಇಂಥವು ಸಿಗುತ್ತವೆ. ಅಲ್ಲಿ ಬರುವ ಮೇರಿ ಕ್ಯೂರಿ ಡಾಕ್ಟೋರಲ್ ನೆಟ್‌ವರ್ಕ್ ಹುದ್ದೆಗಳು ಎಲ್ಲ ದೇಶದವರಿಗೂ ತೆರೆದಿವೆ, ಆದರೆ ನೇಮಕಾತಿಗೆ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಅದೇ ದೇಶದಲ್ಲಿ ಇದ್ದವರು ಅರ್ಹರಲ್ಲ. ಭಾರತದಿಂದಲೇ ಅರ್ಜಿ ಹಾಕುವವರಿಗೆ ಈ ನಿಯಮ ಅನುಕೂಲವೇ ಸರಿ.

ಬ್ರಿಟನ್ನಿನ ಯೋಜನೆಗಳನ್ನು ಫೈಂಡ್‌ಎಪಿಎಚ್‌ಡಿ ಮತ್ತು ಜಾಬ್ಸ್ ಡಾಟ್ ಎಸಿ ಡಾಟ್ ಯುಕೆ ತಾಣಗಳಲ್ಲಿ ಹುಡುಕುವಾಗ ಶೀರ್ಷಿಕೆಯ ಕೆಳಗಿನ ಹಣದ ವಿವರವನ್ನು ಮೊದಲು ಓದಿ. ಹಣ ನಿಗದಿಯಾಗಿದೆ, ಆದರೆ ಬ್ರಿಟನ್ ವಿದ್ಯಾರ್ಥಿಗಳಿಗೆ ಮಾತ್ರ, ಎಲ್ಲ ದೇಶದವರಿಗೂ ಇದೆ, ಸ್ಪರ್ಧೆಯಲ್ಲಿ ಗೆದ್ದವರಿಗೆ, ಸ್ವಂತ ಖರ್ಚಿನವರಿಗೆ ಮಾತ್ರ ಎಂದು ಬೇರೆ ಬೇರೆ ಬಗೆಗಳಿರುತ್ತವೆ. ಅಲ್ಲಿಯ ಸರ್ಕಾರಿ ಸಂಶೋಧನಾ ಅನುದಾನ ಸಂಸ್ಥೆಯಾದ ಯುಕೆಆರ್‌ಐನ ಕನಿಷ್ಠ ಸ್ಟೈಪೆಂಡ್ 2025-26ಕ್ಕೆ ವರ್ಷಕ್ಕೆ 20,780 ಪೌಂಡ್. ಅದರ ಸೀಟುಗಳಲ್ಲಿ ವಿದೇಶಿಯರ ಪಾಲು ಹೆಚ್ಚೆಂದರೆ ಶೇ 30. ವಿದೇಶಿಯರ ಮತ್ತು ಸ್ಥಳೀಯರ ಶುಲ್ಕದ ವ್ಯತ್ಯಾಸವನ್ನು ವಿಶ್ವವಿದ್ಯಾಲಯವೇ ಭರಿಸುತ್ತದೆಯೇ ಎಂದು ಕೇಳಿಯೇ ಮುಂದುವರಿಯಬೇಕು. ಹಣದ ಜಾಡು ಹಿಡಿಯುವ ವಿಧಾನ ಇಲ್ಲಿಯೂ ನಡೆಯುತ್ತದೆ: ಯುರೋಪಿಗೆ ಕಾರ್ಡಿಸ್, ಬ್ರಿಟನ್ನಿಗೆ ಗೇಟ್‌ವೇ ಟು ರಿಸರ್ಚ್, ಅಮೆರಿಕಕ್ಕೆ ನ್ಯಾಷನಲ್ ಸೈನ್ಸ್ ಫೌಂಡೇಷನ್ನಿನ ಅನುದಾನಗಳ ಪಟ್ಟಿ ಎಲ್ಲರಿಗೂ ತೆರೆದಿವೆ.

ಹಂತ 8: ಪ್ರಮಾಣಪತ್ರಗಳು

ಇದು ಸಣ್ಣ ವಿಷಯವೆಂದು ತೋರಿದರೂ ಆಯ್ಕೆ ಕೈತಪ್ಪುವುದು ಇಲ್ಲಿಯೇ. ನಮ್ಮಲ್ಲಿ ಪ್ರವರ್ಗ 1, 2ಎ, 3ಎ ಎಂದು ಪಡೆದಿರುವ ಜಾತಿ-ಆದಾಯ ಪ್ರಮಾಣಪತ್ರ ರಾಜ್ಯ ಸರ್ಕಾರದ ಉಪಯೋಗಕ್ಕೆ ಮಾತ್ರ. ನೆಟ್, ಗೇಟ್, ಐಐಟಿ, ಐಐಎಸ್‌ಸಿಗಳಲ್ಲಿ ಹಿಂದುಳಿದ ವರ್ಗದ ಮೀಸಲಾತಿ ಕೇಳುವವರು, ತಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿದೆಯೇ ಎಂದು ನೋಡಿ, ಕೆನೆಪದರಕ್ಕೆ ಸೇರಿಲ್ಲವೆಂಬ ಪ್ರಮಾಣಪತ್ರವನ್ನು ಕೇಂದ್ರದ ನಮೂನೆಯಲ್ಲಿ, ಅಧಿಸೂಚನೆ ಹೇಳುವ ಅವಧಿಯೊಳಗಿನ ದಿನಾಂಕದೊಂದಿಗೆ ತಹಶೀಲ್ದಾರರಿಂದ ಪಡೆಯಬೇಕು. ನಾಡಕಚೇರಿಯಲ್ಲಿ ಅರ್ಜಿ ಕೊಡುವಾಗಲೇ ಕೇಂದ್ರದ ನಮೂನೆ ಬೇಕೆಂದು ಸ್ಪಷ್ಟವಾಗಿ ಹೇಳಿ. ವಿಶ್ವವಿದ್ಯಾಲಯದಿಂದ ಅಂತಿಮ ಅಂಕಪಟ್ಟಿ ಬರುವುದು ತಡವಾದರೆ ತಾತ್ಕಾಲಿಕ ಪದವಿ ಪ್ರಮಾಣಪತ್ರಕ್ಕೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಬೇಗ ಅರ್ಜಿ ಹಾಕಿ.

ಹಂತ 9: ಒಪ್ಪಿಕೊಳ್ಳುವ ಮುನ್ನ

ಸಂದರ್ಶನದಲ್ಲಿ ಹೆಚ್ಚಾಗಿ ಕೇಳುವುದು ನಿಮ್ಮ ಸ್ನಾತಕೋತ್ತರ ಪ್ರಾಜೆಕ್ಟ್ ಮತ್ತು ಪದವಿ ಮಟ್ಟದ ಮೂಲ ಪಾಠಗಳನ್ನು. ಅವೆರಡನ್ನು ಗಟ್ಟಿ ಮಾಡಿಕೊಂಡರೆ ಸಾಕು. ಇಂಗ್ಲಿಷ್ ತಡವರಿಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ, ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದರೆ ತಿಳಿಯುತ್ತಾರೆ.

ಆಯ್ಕೆಪತ್ರ ಬಂದ ಮೇಲೆ ಸೇರುವ ಮೊದಲು ಕೆಲವು ಸಂಗತಿಗಳನ್ನು ಬರಹದಲ್ಲಿ ಪಡೆಯಬೇಕು: ಫೆಲೋಶಿಪ್ ಆರಂಭವಾಗುವುದು ಸೇರಿದ ದಿನದಿಂದಲೋ ನೋಂದಣಿಯಾದ ದಿನದಿಂದಲೋ, ಮನೆಬಾಡಿಗೆ ಭತ್ಯೆ ಇದೆಯೋ, ಪ್ರಾಜೆಕ್ಟ್ ಹುದ್ದೆಯಾದರೆ ಯಾವ ತಿಂಗಳಿಗೆ ಮುಗಿಯುತ್ತದೆ, ಮುಗಿದ ಮೇಲೆ ಸಂಸ್ಥೆಯ ಫೆಲೋಶಿಪ್‌ಗೆ ವರ್ಗಾವಣೆ ಸಾಧ್ಯವೋ, ಕೋರ್ಸ್‌ವರ್ಕ್ (ಆರಂಭದ ಕಡ್ಡಾಯ ಪಾಠಗಳು) ಯಾವ ಸೆಮಿಸ್ಟರಿನಲ್ಲಿ, ಕ್ಷೇತ್ರಕಾರ್ಯದ ಪ್ರಯಾಣವೆಚ್ಚ ಯಾವ ಲೆಕ್ಕದಿಂದ. ಸೇರುವ ದಿನ ಕೊಡುವ ಸೇರ್ಪಡೆ ವರದಿಯ ಪ್ರತಿಗೆ ಕಚೇರಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡು ಇಟ್ಟುಕೊಳ್ಳಿ. ಎರಡು ವರ್ಷದ ಬಳಿಕ ಎಸ್‌ಆರ್‌ಎಫ್ ಬಡ್ತಿಗೆ ಕಾಗದ ಕಳಿಸುವಾಗ ಮೊದಲು ಕೇಳುವುದು ಆ ದಿನಾಂಕವನ್ನೇ.